ಶ್ರವಣದೋಷವುಳ್ಳ ಮಕ್ಕಳ ಶಿಕ್ಷಣ ಹಾಗೂ ದತ್ತಿ ಸಂಸ್ಥೆಗಳ ನೆರವು: ಪೋಷಕರಿಗೆ ಮಾಹಿತಿ

ಹುಟ್ಟಿನಿಂದಲೇ ಕಿವಿ ಕೇಳಿಸದ ಮಗು ಮಾತು ಕಲಿಯದಿರುವುದಕ್ಕೆ ಬುದ್ಧಿಯ ಕೊರತೆ ಕಾರಣವಲ್ಲ. ಭಾಷೆಯು ಮಗುವನ್ನು ತಲುಪದಿರುವುದೇ ಕಾರಣ. ಭಾಷೆ ಸುಲಭವಾಗಿ ಬೇರೂರುವುದು ಮೊದಲ ಕೆಲವು ವರ್ಷಗಳಲ್ಲಿ. ಚಿಂತಾಮಣಿ ತಾಲ್ಲೂಕಿನ ಮುರುಗಮಲ್ಲ ಹಾಗೂ ಸುತ್ತಲಿನ ಗ್ರಾಮಗಳ ಪೋಷಕರು ಸರ್ಕಾರದ ಸೌಲಭ್ಯವನ್ನೂ ದತ್ತಿ ಸಂಸ್ಥೆಗಳ ನೆರವನ್ನೂ ಸಕಾಲದಲ್ಲಿ ಪಡೆಯಲು ಅನುವಾಗುವಂತೆ ಈ ಮಾಹಿತಿಯನ್ನು ನೀಡಲಾಗಿದೆ.

ಹಿನ್ನೆಲೆ

ಮೈಸೂರಿನಲ್ಲಿ 1901ರಲ್ಲಿಯೇ ಕಿವುಡ ಮತ್ತು ಅಂಧ ಮಕ್ಕಳಿಗಾಗಿ ಶಾಲೆ ಆರಂಭವಾಯಿತು. 1960ರ ದಶಕದಲ್ಲಿ ಅದೇ ನಗರದಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಸ್ಥಾಪನೆಗೊಂಡಿತು. ಶ್ರವಣದೋಷವುಳ್ಳ ಮಕ್ಕಳ ಪೋಷಕರೇ ರೋಟರಿ ಸಂಸ್ಥೆಯೊಡನೆ ಸೇರಿ ಮೈಸೂರಿನಲ್ಲಿ ನಡೆಸಿಕೊಂಡು ಬಂದಿರುವ ಶಾಲೆಯಲ್ಲಿ ತಾಯಂದಿರಿಗೂ ಮಗುವಿನ ಜೊತೆಯಲ್ಲಿ ತರಬೇತಿ ನೀಡಲಾಗುತ್ತದೆ. ರಾಜ್ಯದ ಅನೇಕ ವಿಶೇಷ ಶಾಲೆಗಳನ್ನು ಸ್ವಯಂಸೇವಾ ಸಂಸ್ಥೆಗಳು ನಡೆಸುತ್ತಿದ್ದು, ಅವುಗಳಲ್ಲಿ ಹಲವು ರಾಜ್ಯ ಸರ್ಕಾರದ ಅನುದಾನ ಪಡೆಯುತ್ತಿವೆ.

ಮಗುವಿನ ಹಕ್ಕು

ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016ರ ಪ್ರಕಾರ ಎರಡೂ ಕಿವಿಗಳಲ್ಲಿ ಮಾತಿನ ಧ್ವನಿಗೆ ಸಂಬಂಧಿಸಿದಂತೆ 70 ಡೆಸಿಬಲ್ ಶ್ರವಣ ನಷ್ಟವಿದ್ದಲ್ಲಿ ಕಿವುಡುತನವೆಂದೂ, 60ರಿಂದ 70 ಡೆಸಿಬಲ್ ನಷ್ಟವಿದ್ದಲ್ಲಿ ಮಂದಶ್ರವಣವೆಂದೂ ಪರಿಗಣಿಸಲಾಗುತ್ತದೆ. ಶೇ. 40 ಮತ್ತು ಅದಕ್ಕಿಂತ ಹೆಚ್ಚಿನ ಅಂಗವಿಕಲತೆಯುಳ್ಳ 6ರಿಂದ 18 ವರ್ಷದ ಮಗು ನೆರೆಯ ಶಾಲೆಯಲ್ಲಾಗಲಿ ವಿಶೇಷ ಶಾಲೆಯಲ್ಲಾಗಲಿ ಉಚಿತ ಶಿಕ್ಷಣ ಪಡೆಯಲು ಹಕ್ಕುಳ್ಳದ್ದಾಗಿರುತ್ತದೆ. ದತ್ತಿ ನೆರವು ಈ ಹಕ್ಕಿಗೆ ಪೂರಕವೇ ಹೊರತು ಬದಲಿಯಲ್ಲ.

ಪೋಷಕರು ಅನುಸರಿಸಬೇಕಾದ ಕ್ರಮ

1. ಹುಟ್ಟಿದ 1 ತಿಂಗಳೊಳಗೆ ಶ್ರವಣ ತಪಾಸಣೆ, 3 ತಿಂಗಳೊಳಗೆ ದೋಷದ ನಿರ್ಣಯ, 6 ತಿಂಗಳೊಳಗೆ ಚಿಕಿತ್ಸೆ ಹಾಗೂ ತರಬೇತಿಯ ಆರಂಭ ಸೂಕ್ತ. ಬಾಗಿಲು ಬಡಿದ ಸದ್ದಿಗೆ ಬೆಚ್ಚದ ಅಥವಾ ಕರೆದಾಗ ತಿರುಗದ ಮಗುವನ್ನು ಕೂಡಲೇ ತೋರಿಸತಕ್ಕದ್ದು. "ದೊಡ್ಡದಾದ ಮೇಲೆ ಮಾತು ಬರುತ್ತದೆ" ಎಂದು ಕಾಯಬಾರದು.

2. ಆಶಾ ಅಥವಾ ಅಂಗನವಾಡಿ ಕಾರ್ಯಕರ್ತೆಯ ಮೂಲಕ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಸಂಪರ್ಕಿಸಿ, ಅಗತ್ಯವಿದ್ದಲ್ಲಿ ಚಿಂತಾಮಣಿ ಅಥವಾ ಚಿಕ್ಕಬಳ್ಳಾಪುರದ ಸರ್ಕಾರಿ ಆಸ್ಪತ್ರೆಗೆ ತೆರಳುವುದು.

3. ವಿಶಿಷ್ಟ ಗುರುತಿನ ಚೀಟಿಗೆ (ಯು.ಡಿ.ಐ.ಡಿ.) ಅರ್ಜಿ ಸಲ್ಲಿಸುವುದು. ಗ್ರಾಮ ಪಂಚಾಯಿತಿ ಮಟ್ಟದ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇದಕ್ಕೆ ಸಹಕರಿಸುತ್ತಾರೆ.

4. ಶ್ರವಣ ಪರೀಕ್ಷೆಯ ವರದಿ, ಗುರುತಿನ ಚೀಟಿ, ಆಧಾರ್, ಆದಾಯ ಪ್ರಮಾಣಪತ್ರ ಹಾಗೂ ಭಾವಚಿತ್ರಗಳ ಹಲವು ಪ್ರತಿಗಳನ್ನು ಒಂದೆಡೆ ಇರಿಸಿಕೊಳ್ಳುವುದು. ದತ್ತಿ ಸಂಸ್ಥೆಗಳೂ ಸಾಮಾನ್ಯವಾಗಿ ಇವುಗಳನ್ನೇ ಕೇಳುತ್ತವೆ.

ದತ್ತಿ ನೆರವನ್ನು ಯಾವುದಕ್ಕೆ ಕೋರಬಹುದು?

ಕೇಂದ್ರ ಸರ್ಕಾರದ ಅಡಿಪ್ ಯೋಜನೆಯಡಿ ಅರ್ಹರಿಗೆ ಶ್ರವಣ ಸಾಧನಗಳನ್ನೂ, ಆಯ್ದ ಮಕ್ಕಳಿಗೆ ಕಾಕ್ಲಿಯರ್ ಇಂಪ್ಲಾಂಟ್ ಶಸ್ತ್ರಚಿಕಿತ್ಸೆಯನ್ನೂ ಒದಗಿಸಲಾಗುತ್ತದೆ. ಆದರೆ ಸಾಧನ ದೊರೆತ ಮಾತ್ರಕ್ಕೆ ಶಿಕ್ಷಣ ದೊರೆತಂತಾಗುವುದಿಲ್ಲ. ಬ್ಯಾಟರಿ ಮುಗಿಯುತ್ತದೆ, ಮಗು ಬೆಳೆದಂತೆ ಕಿವಿಯೊಳಗಿನ ಅಚ್ಚು ಸಡಿಲವಾಗಿ ಸಾಧನ ಸಿಳ್ಳೆ ಹಾಕತೊಡಗುತ್ತದೆ. ಆಗ ಅದು ಪೆಟ್ಟಿಗೆ ಸೇರುತ್ತದೆ. ಶಸ್ತ್ರಚಿಕಿತ್ಸೆಯ ನಂತರವೂ ದೀರ್ಘಕಾಲ ತರಬೇತಿ ಬೇಕಾಗುತ್ತದೆ. ಅದಕ್ಕಾಗಿ ಓಡಾಡುವ ತಾಯಿಯ ದಿನದ ಕೂಲಿಯೂ ನಷ್ಟವಾಗುತ್ತದೆ. ಆದ್ದರಿಂದ ಬ್ಯಾಟರಿ, ಹೊಸ ಅಚ್ಚು, ದುರಸ್ತಿ, ಪ್ರಯಾಣ ವೆಚ್ಚ, ವಸತಿ ಮತ್ತು ತರಬೇತಿ ಶುಲ್ಕಕ್ಕೆ ನೆರವು ಕೋರುವುದು ಹೆಚ್ಚು ಉಪಯುಕ್ತ. ದಾನಿಗಳೂ ಈ ಅಂಶವನ್ನು ಗಮನಿಸಬಹುದು.

ಮನೆಯ ಭಾಷೆ

ಈ ಭಾಗದ ಅನೇಕ ಮನೆಗಳಲ್ಲಿ ತೆಲುಗು ಅಥವಾ ಉರ್ದು ಮಾತನಾಡಲಾಗುತ್ತದೆ; ಶಾಲೆಯ ಭಾಷೆ ಕನ್ನಡವಾಗಿರುತ್ತದೆ. ಮನೆಯಲ್ಲಿ ಆಡುವ ಭಾಷೆ ಯಾವುದೆಂಬುದನ್ನು ವಾಕ್ ತಜ್ಞರಿಗೆ ಮೊದಲ ಭೇಟಿಯಲ್ಲಿಯೇ ತಿಳಿಸತಕ್ಕದ್ದು. ಸಾಧನದಿಂದ ಸಾಕಷ್ಟು ಪ್ರಯೋಜನವಾಗದ ಮಗುವಿಗೆ ಸಂಜ್ಞಾಭಾಷೆ ಪೂರ್ಣ ಪ್ರಮಾಣದ ಭಾಷೆಯೇ ಆಗಿದ್ದು, ಮನೆಯವರೂ ಅದನ್ನು ಕಲಿಯುವುದು ಅವಶ್ಯಕ.

ಎಚ್ಚರಿಕೆ

ಮೇಲ್ಕಂಡ ಅಧಿನಿಯಮದಡಿ ವಿಕಲಚೇತನರಿಗಾಗಿ ಸಂಸ್ಥೆ ನಡೆಸುವವರು ನೋಂದಣಿ ಪ್ರಮಾಣಪತ್ರ ಪಡೆದಿರತಕ್ಕದ್ದು. ಮಗುವನ್ನು ಸೇರಿಸುವ ಮುನ್ನ ಪ್ರಮಾಣಪತ್ರವನ್ನು ಪರಿಶೀಲಿಸಿ, ವಸತಿ ವ್ಯವಸ್ಥೆಯನ್ನು ಖುದ್ದಾಗಿ ನೋಡುವುದು ಸೂಕ್ತ. ನೆರವು ಕೊಡಿಸುವುದಾಗಿ ಹಣ ಕೇಳುವ ಮಧ್ಯವರ್ತಿಗಳಿಗೆ ಮೂಲ ದಾಖಲೆಗಳನ್ನು ನೀಡಬಾರದು.

ಹೆಚ್ಚಿನ ವಿವರಗಳಿಗೆ ಚಿಕ್ಕಬಳ್ಳಾಪುರದ ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಗಳ ಕಚೇರಿಯನ್ನು, ಶಾಲಾ ಪ್ರವೇಶದ ಬಗ್ಗೆ ಚಿಂತಾಮಣಿಯ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯನ್ನು ಸಂಪರ್ಕಿಸಬಹುದು.