ಕಿವಿಯೊಳಗಿನ ‘ಸುಯ್’ ಸದ್ದಿಗೆ ಮದ್ದು

ವಾರವಿಡೀ ಕಂಪ್ಯೂಟರ್ ಮುಂದೆ ಕೂರುವ ನನಗೆ ಪುಣೆಯ ನಮ್ಮ ಕನ್ನಡ ಬಳಗದ ಕಾರ್ಯಕ್ರಮಗಳಲ್ಲಿ ಸೌಂಡ್ ನೋಡಿಕೊಳ್ಳುವ ಕೆಲಸ. ಈಗೀಗ ಸುಗಮ ಸಂಗೀತದ ತಂಡಗಳೂ ನೆಲದ ಮೇಲಿನ ಮಾನಿಟರ್ ಸ್ಪೀಕರ್ ಬಿಟ್ಟು ವೈರ್‌ಲೆಸ್ ಇನ್-ಇಯರ್ ಮಾನಿಟರ್ ಕೇಳುತ್ತವೆ. ಕಿವಿಯಲ್ಲಿ ಇಯರ್‌ಫೋನ್, ಸೊಂಟದಲ್ಲಿ ಪುಟ್ಟ ರಿಸೀವರ್. ಅದರ ಜೊತೆಗೇ ಬರುವ ದೂರು: “ಹಿಂದೆ ಸುಯ್ ಅಂತಾ ಇದೆ.”

ಇದನ್ನು ಸಣ್ಣ ಕಿರಿಕಿರಿ ಎಂದು ತಳ್ಳಿಹಾಕುವಂತಿಲ್ಲ. ಆ ಸದ್ದನ್ನು ಮೀರಿ ಶ್ರುತಿ ಕೇಳಿಸಲೆಂದು ಗಾಯಕರು ವಾಲ್ಯೂಮ್ ಏರಿಸುತ್ತಲೇ ಹೋಗುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 80 ಡೆಸಿಬಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು. 90 ಡೆಸಿಬಲ್ ಆದರೆ 4 ಗಂಟೆ ಮಾತ್ರ. ಹೋದ ಕಿವಿ ಮರಳಿ ಬರುವುದಿಲ್ಲ.

ಬಾಡಿಗೆಗೆ ಸಿಗುವ ಸೆಟ್‌ಗಳು ಹೆಚ್ಚಾಗಿ ಅನಲಾಗ್ ಎಫ್‌ಎಂ ತಂತ್ರದವು. ರೇಡಿಯೋ ದಾರಿಯಲ್ಲಿ ಒಂದಿಷ್ಟು ಸುಯ್ ಸದ್ದು ಇದ್ದೇ ಇರುತ್ತದೆ. ಟ್ರಾನ್ಸ್‌ಮಿಟರ್‌ಗೆ ಹಾಡು ಸಣ್ಣಗೆ ಹೋಗಿ, ರಿಸೀವರ್‌ನಲ್ಲಿ ಅದನ್ನು ಏರಿಸಿದರೆ ಎರಡೂ ಒಟ್ಟಿಗೆ ಏರುತ್ತವೆ. ನೀರು ಬೆರೆತ ಹಾಲನ್ನು ದೊಡ್ಡ ಲೋಟಕ್ಕೆ ಸುರಿದರೆ ಗಟ್ಟಿಯಾಗುತ್ತದೆಯೇ?

ಹಾಗಾಗಿ ಮೊದಲ ಮದ್ದು ಮಿಕ್ಸರ್ ಬಳಿಯೇ ಇದೆ. ಗಾಯಕರಿಂದ ಅತಿ ಗಟ್ಟಿಯಾದ ಸಾಲು ಹಾಡಿಸಿ, ಟ್ರಾನ್ಸ್‌ಮಿಟರ್‌ನ ಮೀಟರ್ ಕೆಂಪು ತಾಕದೆ ಚೆನ್ನಾಗಿ ಮೇಲೇರುವಷ್ಟು ಸಿಗ್ನಲ್ ಕೊಡಿ. ಆಮೇಲೆ ರಿಸೀವರ್‌ನ ವಾಲ್ಯೂಮನ್ನು ಸೊನ್ನೆಯಿಂದ ನಿಧಾನವಾಗಿ ಏರಿಸಿ.

ಇನ್ನೂ ಸದ್ದಿದ್ದರೆ, ವಾಲ್ಯೂಮ್ ತಗ್ಗಿಸಿ ಟ್ರಾನ್ಸ್‌ಮಿಟರ್‌ಗೆ ಬರುವ ಕೇಬಲ್ ತೆಗೆದು ನೋಡಿ. ಸದ್ದು ನಿಂತಿತೆಂದರೆ ಅದು ಮಿಕ್ಸರ್‌ನಿಂದ ಬರುತ್ತಿದೆ. ಬಳಸದ ಮೈಕ್‌ಗಳನ್ನು ಆ ಮಾನಿಟರ್ ಮಿಕ್ಸ್‌ನಿಂದ ತೆಗೆಯಿರಿ. ನಿಲ್ಲದಿದ್ದರೆ ರೇಡಿಯೋ ಕಡೆ ನೋಡಿ. ಆಂಟೆನಾ ಎಲ್‌ಇಡಿ ಪರದೆಯ ಹಿಂದೆ, ಕಬ್ಬಿಣದ ರ‍್ಯಾಕ್ ಒಳಗೆ ಇರಬಾರದು. ಗಾಯಕರಿಗೆ ನೇರ ಕಾಣುವ ಎತ್ತರದಲ್ಲಿರಲಿ. ಸ್ಟೀರಿಯೋ ಬದಲು ಮೋನೋ ಮಾಡಿದರೂ ಸದ್ದು ತಗ್ಗುತ್ತದೆ.

ಕೆಲವೊಮ್ಮೆ ಸಮಸ್ಯೆ ಇಯರ್‌ಫೋನ್‌ನದೇ. ತೀರಾ ಸೂಕ್ಷ್ಮವಾದ ದುಬಾರಿ ಇಯರ್‌ಫೋನ್ ರಿಸೀವರ್‌ನ ಸಣ್ಣ ಸುಯ್ ಸದ್ದನ್ನೂ ಎತ್ತಿ ತೋರಿಸುತ್ತದೆ. ನಡುವೆ ಒಂದು ಪುಟ್ಟ ಅಟೆನ್ಯುಯೇಟರ್ ಹಾಕಿದರೆ ಸಾಕು. ತಬಲಾ, ಕೀಬೋರ್ಡ್ ನುಡಿಸುವವರು ಕೂತಲ್ಲಿಂದ ಏಳುವುದೇ ಇಲ್ಲ. ಅವರಿಗೆ ವೈರ್ ಇರುವ ಹೆಡ್‌ಫೋನ್ ಕೊಟ್ಟರೆ ರೇಡಿಯೋ ತಂಟೆಯೇ ಬೇಡ.

ಟ್ರೆಬಲ್ ಪೂರ್ತಿ ಇಳಿಸುವ ಅಡ್ಡದಾರಿ ಮಾತ್ರ ಬೇಡ. ಸುಯ್ ಸದ್ದು ಇರುವ ಜಾಗದಲ್ಲೇ ನಮ್ಮ ಸ, ಶ ಅಕ್ಷರಗಳ ಸ್ಪಷ್ಟತೆಯೂ ಇದೆ. ಭಾವಗೀತೆ ಹಾಡುವವರಿಗೆ ತಮ್ಮ ಮಾತೇ ಮಸುಕಾಗಿ ಕೇಳಿದರೆ ಮತ್ತೆ ವಾಲ್ಯೂಮ್‌ಗೇ ಕೈ ಹೋಗುತ್ತದೆ.

ಇಷ್ಟಕ್ಕೆಲ್ಲ ಹೆಚ್ಚು ಖರ್ಚಿಲ್ಲ, ಸಮಯ ಬೇಕು. ರಾಜ್ಯೋತ್ಸವದ ಸಂಜೆ ಸ್ವಾಗತ ಭಾಷಣಕ್ಕೆ ಕೊಡುವಷ್ಟೇ ಸಮಯವನ್ನು ಸೌಂಡ್ ಚೆಕ್‌ಗೂ ಮೀಸಲಿಡಿ. ನಮ್ಮ ಗಾಯಕರ ಕಿವಿ ಮುಂದಿನ ರಾಜ್ಯೋತ್ಸವಗಳಿಗೂ ಬೇಕು.