‘ಬಾಸ್ ಇದ್ದಾರಾ?’ ಎಂದು ಕೇಳುವವರು ಯಾರು?

ದುಬೈನ ದೇರಾ, ಅಲ್ ಕೂಝ್, ಶಾರ್ಜಾದ ಕೈಗಾರಿಕಾ ಪ್ರದೇಶ ಎಲ್ಲಿ ನೋಡಿದರೂ ಹತ್ತು-ಹದಿನೈದು ಜನ ಕೆಲಸ ಮಾಡುವ ಟ್ರೇಡಿಂಗ್ ಕಂಪನಿಗಳು. ಊರಿನಿಂದ ಬಂದ ನಮ್ಮವರಲ್ಲಿ ಬಹಳಷ್ಟು ಮಂದಿ ದುಡಿಯುವುದು ಇಂಥ ಕಡೆಯೇ. ಇಲ್ಲಿ ಫೋನ್ ಎತ್ತುವುದಕ್ಕೆಂದೇ ಒಬ್ಬರು ಸದಾ ಕೂತಿರುವುದಿಲ್ಲ. ರಿಸೆಪ್ಷನ್ ಹುಡುಗಿ ಊಟಕ್ಕೆ ಎದ್ದರೆ ಅಕೌಂಟೆಂಟ್ ಎತ್ತುತ್ತಾನೆ. ಅವನು ಬ್ಯಾಂಕಿಗೆ ಹೋಗಿದ್ದರೆ ಸ್ಟೋರ್‌ಕೀಪರ್, ಅವನೂ ಇಲ್ಲದಿದ್ದರೆ ಚಹಾ ಮಾಡುವ ಆಫೀಸ್ ಬಾಯ್.

ಆ ಕಡೆಯಿಂದ ಬರುವ ಮೊದಲ ಪ್ರಶ್ನೆ ಹೆಚ್ಚಾಗಿ ಒಂದೇ: ‘ಬಾಸ್ ಇದ್ದಾರಾ?’ ಯಾರು ಮಾತಾಡುತ್ತಿರುವುದು ಎಂದರೆ ‘ಅವರಿಗೆ ಗೊತ್ತು’. ಯಾವ ವಿಷಯ ಎಂದರೆ ‘ಪರ್ಸನಲ್’. ಎಲ್ಲಿಂದ ಎಂದರೆ ‘ನೀವು ಕನೆಕ್ಟ್ ಮಾಡಿ, ಅರ್ಜೆಂಟ್ ಇದೆ’. ಹದಿನೈದು ವರ್ಷಕ್ಕೂ ಮೇಲಾಯಿತು, ಇಲ್ಲಿ ಲೆಕ್ಕ ಬರೆಯುತ್ತಾ ಇಂಥ ಕರೆಗಳನ್ನು ಎತ್ತುತ್ತಲೇ ಇದ್ದೇನೆ. ಇವುಗಳಲ್ಲಿ ಮುಕ್ಕಾಲು ಪಾಲು ಏನಾದರೂ ಮಾರುವವರದ್ದು. ಕ್ರೆಡಿಟ್ ಕಾರ್ಡ್, ಇನ್ಶೂರೆನ್ಸ್, ಫ್ಲ್ಯಾಟ್. ಅವರಿಂದ ಆಗುವ ನಷ್ಟ ಐದು ನಿಮಿಷ ಮಾತ್ರ. 2024ರ ಆಗಸ್ಟ್‌ನಿಂದ ಯುಎಇ ಸರ್ಕಾರ ಇವರಿಗೂ ಲಗಾಮು ಹಾಕಿದೆ. ಬೆಳಿಗ್ಗೆ 9ರಿಂದ ಸಂಜೆ 6ರ ಒಳಗೆ, ಕಂಪನಿಯ ಹೆಸರಿನಲ್ಲಿ ನೋಂದಾಯಿಸಿದ ನಂಬರಿನಿಂದ ಮಾತ್ರ ಮಾರಾಟದ ಕರೆ ಮಾಡಬೇಕು.

ಭಯ ಪಡಬೇಕಾದದ್ದು ಉಳಿದ ಕಾಲು ಪಾಲಿಗೆ.

ಮೋಸಗಾರ ಮೊದಲ ಕರೆಯಲ್ಲೇ ಹಣ ಕೇಳುವುದಿಲ್ಲ. ಮೊದಲ ಕರೆಯಲ್ಲಿ ಬಾಸ್ ಇದ್ದಾರಾ ಎಂದಷ್ಟೇ ಕೇಳುತ್ತಾನೆ. ‘ಇಲ್ಲ ಸರ್, ಚೀನಾಕ್ಕೆ ಹೋಗಿದ್ದಾರೆ, ಭಾನುವಾರ ಬರುತ್ತಾರೆ’ ಎಂದು ನಮ್ಮವರು ವಿನಯದಿಂದ ಉತ್ತರಿಸುತ್ತಾರೆ. ಮರುದಿನದ ಕರೆ: ‘ಪೇಮೆಂಟ್ ನೋಡಿಕೊಳ್ಳುವವರು ಯಾರು?’ ಹೆಸರು ಸಿಕ್ಕಿತು. ಮೂರನೆಯದು: ‘ನಿಮ್ಮ ಬ್ಯಾಂಕ್ ಯಾವುದು, ಚೆಕ್ ಕಳಿಸಬೇಕಿತ್ತು.’ ಒಂದೊಂದು ಉತ್ತರದಲ್ಲೂ ಗುಟ್ಟಿನದ್ದು ಏನೂ ಇಲ್ಲ. ಮೂರೂ ಒಬ್ಬನ ಕೈಗೆ ಸೇರಿದಾಗ, ಬಾಸ್ ವಿಮಾನದಲ್ಲಿರುವ ಹೊತ್ತು ನೋಡಿ, ಅಕೌಂಟೆಂಟ್‌ನ ಹೆಸರು ಹಿಡಿದೇ ಕರೆಯುವ ನಾಲ್ಕನೆಯ ಫೋನ್ ಬರುತ್ತದೆ.

ನಮ್ಮ ಆಫೀಸಿಗೆ ಬಂದ ಒಂದು ಕರೆಯ ವಿಷಯ ಹೇಳುತ್ತೇನೆ. ಈದ್ ರಜೆಗೆ ಎರಡು ದಿನ ಬಾಕಿ. ಬಾಸ್ ಪ್ರಯಾಣದಲ್ಲಿದ್ದರು. ‘ನಾವು ನಿಮ್ಮ ಸಪ್ಲೈಯರ್ ಕಡೆಯವರು, ನಮ್ಮ ಬ್ಯಾಂಕ್ ಅಕೌಂಟ್ ಬದಲಾಗಿದೆ, ಈ ತಿಂಗಳ ಬಿಲ್ ಹೊಸ ಐಬ್ಯಾನ್‌ಗೆ ಹಾಕಿ, ನಿಮ್ಮ ಬಾಸ್ ಒಪ್ಪಿದ್ದಾರೆ’ ಎಂದಿತು ಒಂದು ದನಿ. ಬಿಲ್ ನಂಬರ್ ಸರಿಯಿತ್ತು, ಮೊತ್ತವೂ ಸರಿಯಿತ್ತು. ಎರಡು ಲಕ್ಷ ದಿರ್ಹಮ್ ದಾಟಿದ ಬಿಲ್ ಅದು. ಐಬ್ಯಾನ್ ನೋಡಿದರೂ ತಪ್ಪು ಕಾಣುವಂತಿರಲಿಲ್ಲ. ಇಲ್ಲಿನ ಐಬ್ಯಾನ್ ಎಇ ಎಂದು ಶುರುವಾಗಿ ಒಟ್ಟು 23 ಅಂಕಿ-ಅಕ್ಷರ ಇರುತ್ತದೆ, ಇದೂ ಹಾಗೇ ಇತ್ತು.

ರಿಸೆಪ್ಷನ್‌ನ ಫಿಲಿಪೀನ್ಸ್ ಹುಡುಗಿ ಜಗಳಕ್ಕೆ ಇಳಿಯಲಿಲ್ಲ. ‘ಬರೆದುಕೊಂಡಿದ್ದೇನೆ ಸರ್, ಅಕೌಂಟ್ಸ್‌ನವರು ನಿಮಗೆ ವಾಪಸ್ ಫೋನ್ ಮಾಡುತ್ತಾರೆ’ ಎಂದು ಚೀಟಿ ತಂದುಕೊಟ್ಟಳು. ಆತ ಕೊಟ್ಟ ನಂಬರಿಗೆ ನಾವು ಫೋನ್ ಮಾಡಲಿಲ್ಲ. ಸಪ್ಲೈಯರ್‌ನ ಹಳೆಯ ಕಡತದಲ್ಲಿದ್ದ, ವರ್ಷಗಳಿಂದ ಬಳಸುತ್ತಿದ್ದ ನಂಬರಿಗೆ ಮಾಡಿದೆವು. ಅಲ್ಲಿನ ಅಕೌಂಟೆಂಟ್ ಗಾಬರಿಯಾದರು. ಅವರ ಬ್ಯಾಂಕ್ ಅಕೌಂಟ್ ಬದಲಾಗಿರಲೇ ಇಲ್ಲ. ಅವರ ಇಮೇಲ್‌ಗೆ ಯಾರೋ ಕನ್ನ ಹಾಕಿ ಬಿಲ್‌ಗಳನ್ನು ಓದಿಕೊಂಡಿದ್ದರು ಎಂದು ಆಮೇಲೆ ತಿಳಿಯಿತು.

ಆ ಹಣ ಹೋಗಿದ್ದರೆ ಏನಾಗುತ್ತಿತ್ತು? ಒಂದು ಅಕೌಂಟ್‌ನಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದು ದೇಶಕ್ಕೆ ಸಾಗಿಸಿಬಿಟ್ಟ ಹಣವನ್ನು ವಾಪಸ್ ತರುವುದು ಬಹಳ ಕಷ್ಟ. ಸಪ್ಲೈಯರ್‌ಗೆ ಬಾಕಿ ಹಾಗೇ ಉಳಿಯುತ್ತದೆ. ಆಫೀಸಿನಲ್ಲಿ ಬೆರಳು ತೋರಿಸುವುದು ಫೋನ್ ಎತ್ತಿದವರ ಕಡೆಗೆ. ಗಲ್ಫ್‌ನಲ್ಲಿ ಕೆಲಸ ಹೋದರೆ ವೀಸಾವೂ ಹೋಗುತ್ತದೆ. ವೀಸಾದ ಮೇಲೆ ಊರಿನ ಮನೆ ಸಾಲದ ಕಂತು, ತಂಗಿಯ ಫೀಸು, ಅಪ್ಪನ ಔಷಧಿ ನಿಂತಿರುತ್ತವೆ. ಅದಕ್ಕೇ ಈ ವಿಷಯವನ್ನು ಮನೆಯವರು ಓದುವ ಪುಟದಲ್ಲಿ ಬರೆಯುತ್ತಿರುವುದು.

‘ಬಾಸ್ ದನಿ ನನಗೆ ಗೊತ್ತು, ನಾನು ಮೋಸ ಹೋಗುವುದಿಲ್ಲ’ ಎನ್ನುವವರಿದ್ದಾರೆ. 2019ರಲ್ಲಿ ಬ್ರಿಟನ್‌ನ ಇಂಧನ ಕಂಪನಿಯೊಂದರ ಮುಖ್ಯಸ್ಥರಿಗೆ ಜರ್ಮನಿಯ ಮಾತೃಸಂಸ್ಥೆಯ ಮುಖ್ಯಸ್ಥರಿಂದ ಫೋನ್ ಬಂತು. ಅದೇ ದನಿ, ಅದೇ ಜರ್ಮನ್ ಛಾಯೆಯ ಇಂಗ್ಲಿಷ್. ಹಂಗೇರಿಯ ಸಪ್ಲೈಯರ್‌ಗೆ ತಕ್ಷಣ ಹಣ ಕಳಿಸಿ ಎಂದಿತು ದನಿ. 2,20,000 ಯೂರೋ ಹೋಯಿತು. ದನಿಯನ್ನು ಕಂಪ್ಯೂಟರ್ ತಯಾರಿಸಿತ್ತು. ಮತ್ತೊಮ್ಮೆ ಹಣ ಕೇಳಿದಾಗ ಕರೆ ಆಸ್ಟ್ರಿಯಾದ ನಂಬರಿನಿಂದ ಬಂದದ್ದನ್ನು ಅವರು ಗಮನಿಸಿದರು, ಎರಡನೆಯ ಕಂತು ಉಳಿಯಿತು.

2024ರಲ್ಲಿ ಹೊರಬಿದ್ದ ಹಾಂಗ್‌ಕಾಂಗ್‌ನ ಪ್ರಕರಣ ಇನ್ನೂ ದೊಡ್ಡದು. ಅರೂಪ್ ಎಂಬ ಎಂಜಿನಿಯರಿಂಗ್ ಸಂಸ್ಥೆಯ ಉದ್ಯೋಗಿಯೊಬ್ಬರಿಗೆ ಗುಟ್ಟಾಗಿ ಹಣ ಕಳಿಸಬೇಕೆಂದು ಸಂದೇಶ ಬಂತು. ಅವರಿಗೆ ಮೊದಲೇ ಅನುಮಾನ ಬಂದಿತ್ತು. ಆದರೆ ವಿಡಿಯೊ ಕರೆಯಲ್ಲಿ ಮೇಲಧಿಕಾರಿ, ಸಹೋದ್ಯೋಗಿಗಳು ಎಲ್ಲರ ಮುಖ ಕಂಡಾಗ ಅನುಮಾನ ಕರಗಿತು. ಆ ಮುಖಗಳೆಲ್ಲ ನಕಲಿ. 15 ಬಾರಿಯ ವರ್ಗಾವಣೆಯಲ್ಲಿ 20 ಕೋಟಿ ಹಾಂಗ್‌ಕಾಂಗ್ ಡಾಲರ್ ಹೋಯಿತು. ದನಿ ಕೇಳಿದೆ, ಮುಖ ನೋಡಿದೆ ಎನ್ನುವುದು ಇನ್ನು ಸಾಕ್ಷಿಯಲ್ಲ. ನಮಗೆ ಮೊದಲೇ ಗೊತ್ತಿರುವ ನಂಬರಿಗೆ ನಾವೇ ತಿರುಗಿ ಫೋನ್ ಮಾಡಿ ಕೇಳುವುದು ಇವತ್ತಿಗೂ ಕೆಲಸಕ್ಕೆ ಬರುವ ಪರೀಕ್ಷೆ.

ನಮ್ಮ ಆಫೀಸಿನಲ್ಲಿ ಫೋನಿನ ಪಕ್ಕ ಒಂದು ಹಾಳೆ ಅಂಟಿಸಿದ್ದೇವೆ. ಹೆಸರು, ಕಂಪನಿ, ವಿಷಯ, ನಂಬರ್ ಈ ನಾಲ್ಕನ್ನು ಎಲ್ಲರಿಗೂ ಕೇಳಬೇಕು. ಬಾಸ್ ಊರಲ್ಲಿಲ್ಲ ಎಂದು ಹೇಳಬಾರದು, ‘ಈಗ ಸಿಗುವುದಿಲ್ಲ’ ಎಂದರೆ ಸಾಕು. ಯಾರ ಮೊಬೈಲ್ ನಂಬರನ್ನೂ ಕೊಡಬಾರದು. ಬ್ಯಾಂಕ್ ವಿವರ ಬದಲಾಯಿತು ಎಂದು ಯಾರೇ ಹೇಳಿದರೂ ಹಳೆಯ ಕಡತದ ನಂಬರಿಗೆ ತಿರುಗಿ ಫೋನ್ ಮಾಡಬೇಕು. ಹಣ ಕಳಿಸಲು ಇಬ್ಬರ ಒಪ್ಪಿಗೆ ಬೇಕು, ಒಬ್ಬರ ಫೋನ್ ಮಾತು ಸಾಲದು. ಬಾಸ್‌ಗೂ ಇದೇ ನಿಯಮ.

ಈ ಕೊನೆಯ ಸಾಲು ಬರೆಯುವುದು ಸುಲಭ, ನಡೆಸುವುದು ಕಷ್ಟ. ಒಮ್ಮೆ ನಮ್ಮ ಬಾಸ್ ಬೇರೆ ಯಾರದೋ ಮೊಬೈಲ್‌ನಿಂದ ಫೋನ್ ಮಾಡಿ, ಒಂದು ಪೇಮೆಂಟ್ ಕೂಡಲೇ ಬಿಡುಗಡೆ ಮಾಡಿ ಎಂದರು. ಆ ಹುಡುಗಿ ‘ಕ್ಷಮಿಸಿ ಸರ್, ನಿಮ್ಮ ನಂಬರಿಗೆ ಫೋನ್ ಮಾಡಿ ಕೇಳುತ್ತೇವೆ’ ಎಂದಳು. ಅವರ ಮೊಬೈಲ್ ಚಾರ್ಜ್ ಆಗಿ ಮತ್ತೆ ಸಿಗುವ ತನಕ ಅರ್ಧ ಗಂಟೆ ಪೇಮೆಂಟ್ ನಿಂತಿತು. ಮರುದಿನ ಬಾಸ್ ಎಲ್ಲರೆದುರು ‘ನೀನು ಮಾಡಿದ್ದು ಸರಿ’ ಎಂದರು. ಹಾಗಲ್ಲದೆ ಅವತ್ತು ರೇಗಿದ್ದರೆ ಆ ಹಾಳೆಯನ್ನು ಅವರೇ ಹರಿದು ಹಾಕಿದಂತೆ ಆಗುತ್ತಿತ್ತು. ಕೇಳಿದ್ದಕ್ಕೆ ಬೈಗುಳ ಬೀಳುವ ಆಫೀಸಿನಲ್ಲಿ ಯಾರೂ ಎರಡನೆಯ ಸಲ ಕೇಳುವುದಿಲ್ಲ. ಮೋಸಗಾರನ ಬಂಡವಾಳವೇ ಆ ಹೆದರಿಕೆ.

ಹಾಗೆಂದು ಗೊತ್ತಿಲ್ಲದ ಕರೆಯನ್ನೆಲ್ಲ ಕತ್ತರಿಸುವುದು ಜಾಣತನವಲ್ಲ. ಇನ್ನೊಂದು ದಿನ ಲ್ಯಾಂಡ್‌ಲೈನ್‌ಗೆ ಒಂದು ಹೆಣ್ಣು ದನಿ. ಹರುಕು ಹಿಂದಿ. ‘ಬಾಸ್ ಹತ್ತಿರ ಮಾತಾಡಬೇಕು, ಅರ್ಜೆಂಟ್.’ ಹೆಸರು ಕೇಳಿದರೆ ‘ನಾನು ತಂಗಿ’. ಯಾರ ತಂಗಿ ಎಂದರೆ ಅಳು. ಅನುಮಾನ ಪಡಬೇಕಾದ ಲಕ್ಷಣಗಳೆಲ್ಲ ಇದ್ದವು. ಮಾತಿನ ನಡುವೆ ‘ಮಣಿಪಾಲ’ ಎಂಬ ಪದ ಕಿವಿಗೆ ಬಿದ್ದ ಹುಡುಗಿ ಫೋನನ್ನು ನನ್ನ ಕೈಗೆ ಕೊಟ್ಟಳು. ಕನ್ನಡದಲ್ಲಿ ಕೇಳಿದ ಮೇಲೆ ವಿಷಯ ಬಿಡಿಸಿಕೊಂಡಿತು. ನಮ್ಮ ಗೋದಾಮಿನ ಹುಡುಗನ ತಂಗಿ. ತಂದೆಯನ್ನು ಆಸ್ಪತ್ರೆಗೆ ಸೇರಿಸಿದ್ದರು, ಸ್ಥಿತಿ ಗಂಭೀರ. ಕೆಲಸದ ವೇಳೆಯಲ್ಲಿ ಗೋದಾಮಿನವರ ಮೊಬೈಲ್ ಲಾಕರ್‌ನಲ್ಲಿರುತ್ತದೆ. ಬೆಳಿಗ್ಗೆಯಿಂದ ಮಾಡಿ ಸೋತು, ಸಂಬಳದ ಕಾಗದದಲ್ಲಿದ್ದ ಕಂಪನಿ ನಂಬರಿಗೆ ಮಾಡಿದ್ದಳು.

ಅಲ್ಲೂ ನಾವು ಅದೇ ನಿಯಮ ಬಳಸಿದೆವು. ಅವನ ಕಡತದಲ್ಲಿ ತುರ್ತು ಸಂಪರ್ಕಕ್ಕೆಂದು ಬರೆದಿದ್ದ ಊರಿನ ನಂಬರಿಗೆ ಫೋನ್ ಮಾಡಿದೆವು. ಎತ್ತಿದ್ದು ಅದೇ ತಂಗಿ. ಹತ್ತು ನಿಮಿಷದಲ್ಲಿ ಹುಡುಗನಿಗೆ ಸುದ್ದಿ ಮುಟ್ಟಿತು, ಅವತ್ತೇ ರಾತ್ರಿ ಮಂಗಳೂರು ವಿಮಾನ ಹತ್ತಿದ. ತಂದೆಯ ಜತೆ ಕೊನೆಯ ಮೂರು ದಿನ ಇರಲು ಸಿಕ್ಕಿತು ಎಂದು ವಾಪಸ್ ಬಂದ ಮೇಲೆ ಹೇಳಿದ. ಕಳ್ಳನನ್ನು ತಡೆದ ಪ್ರಶ್ನೆಯೇ ತಂಗಿಯನ್ನು ಒಳಗೆ ಬಿಟ್ಟಿತು.

ಊರಿನಲ್ಲಿರುವ ಅಮ್ಮಂದಿರು, ಅಕ್ಕ-ತಂಗಿಯರು, ಹೆಂಡತಿಯರು ಇಲ್ಲಿ ಎರಡು ಮಾತು ನೆನಪಿಡಬೇಕು.

ಮೊದಲನೆಯದು, ನೀವು ಕಂಪನಿಗೆ ಫೋನ್ ಮಾಡಬೇಕಾಗಿ ಬಂದರೆ ‘ಅರ್ಜೆಂಟ್’ ಎಂಬ ಮಾತು ಕೊನೆಗಿರಲಿ. ಮೊದಲು ನಿಮ್ಮ ಮಗನ ಹೆಸರನ್ನು ಪಾಸ್‌ಪೋರ್ಟ್‌ನಲ್ಲಿರುವಂತೆ ಹೇಳಿ. ಮನೆಯಲ್ಲಿ ಕರೆಯುವ ಹೆಸರು ಇಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಆಮೇಲೆ ಅವನ ಸ್ಟಾಫ್ ನಂಬರ್, ಕೆಲಸದ ವಿಭಾಗ, ನಿಮ್ಮ ಸಂಬಂಧ. ಇಷ್ಟಾದರೆ ಭಾಷೆ ಹರುಕಾದರೂ ಕೆಲಸ ಆಗುತ್ತದೆ.

ಎರಡನೆಯದು, ‘ದುಬೈ ಕಂಪನಿಯಿಂದ ಮಾತಾಡುತ್ತಿದ್ದೇವೆ, ನಿಮ್ಮ ಮಗ ಪೊಲೀಸ್ ಕೇಸಿನಲ್ಲಿ ಸಿಕ್ಕಿಬಿದ್ದಿದ್ದಾನೆ, ಬಿಡಿಸಲು ಈಗಲೇ ಹಣ ಹಾಕಿ, ಯಾರಿಗೂ ಹೇಳಬೇಡಿ’ ಎಂಬ ಕರೆ ನಿಮಗೇ ಬಂದರೆ, ನೀವೇ ಆ ರಿಸೆಪ್ಷನ್ ಹುಡುಗಿ. ಹೆಸರು, ಕಂಪನಿ, ವಿಷಯ, ನಂಬರ್ ಬರೆದುಕೊಳ್ಳಿ. ಫೋನ್ ಇಡಿ. ಮಗನಿಗೆ ಮಾಡಿ. ಅವನು ಸಿಗದಿದ್ದರೆ ರೂಮ್‌ಮೇಟ್‌ಗೆ, ಅವನೂ ಸಿಗದಿದ್ದರೆ ನಿಮ್ಮಲ್ಲಿರುವ ಕಂಪನಿ ನಂಬರಿಗೆ. ಮಗನ ದನಿಯೇ ಕೇಳಿಸಿದರೂ ಮನೆಮಂದಿಗೆ ಮಾತ್ರ ಗೊತ್ತಿರುವ ಒಂದು ಪ್ರಶ್ನೆ ಕೇಳಿ. ನಮ್ಮ ಮನೆಯಲ್ಲಿ ಅದು ಹಳೆಯ ಹಸುವಿನ ಹೆಸರು. ಇನ್ನು ‘ಡಿಜಿಟಲ್ ಅರೆಸ್ಟ್’ ಎಂಬುದು ಭಾರತದ ಕಾನೂನಿನಲ್ಲಿ ಇಲ್ಲವೇ ಇಲ್ಲ. ವಿಡಿಯೊ ಕರೆಯಲ್ಲಿ ಯಾವ ಪೊಲೀಸರೂ ಯಾರನ್ನೂ ಬಂಧಿಸುವುದಿಲ್ಲ. ಹಣ ಹೋಗಿಬಿಟ್ಟಿದ್ದರೆ ನಾಚಿಕೆ ಪಡುತ್ತಾ ಕೂರದೆ ಕೂಡಲೇ 1930ಕ್ಕೆ ಫೋನ್ ಮಾಡಿ. ಬೇಗ ದೂರು ಕೊಟ್ಟಷ್ಟೂ ಹಣವನ್ನು ದಾರಿಯಲ್ಲೇ ತಡೆಹಿಡಿಯುವ ಸಾಧ್ಯತೆ ಹೆಚ್ಚು. ಯುಎಇಯಲ್ಲಿರುವ ನಮ್ಮವರು ದುಬೈ ಪೊಲೀಸರ ಇ-ಕ್ರೈಮ್ ವ್ಯವಸ್ಥೆಯಲ್ಲಿ ದೂರು ಕೊಡಬಹುದು. ತುರ್ತಲ್ಲದ ವಿಚಾರಣೆಗೆ ಪೊಲೀಸರ ನಂಬರ್ 901. ಭಾರತ ಸರ್ಕಾರದ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ ಶುಲ್ಕರಹಿತ ನಂಬರ್ 800 46342.

ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ನಮ್ಮ ಹಿರಿಯರು ಹೇಳಿದ್ದಾರೆ. ‘ಬರೆದುಕೊಂಡಿದ್ದೇನೆ, ನಾನೇ ತಿರುಗಿ ಫೋನ್ ಮಾಡುತ್ತೇನೆ’ ಎಂಬುದರಲ್ಲಿ ಅಗೌರವ ಇಲ್ಲ. ನಿಜವಾದ ಕೆಲಸ ಇರುವವರು ಕಾಯುತ್ತಾರೆ. ಕಾಯಲು ಒಪ್ಪದೆ ರೇಗುವವರ ಮೇಲೆಯೇ ಅನುಮಾನ ಹೆಚ್ಚಿರಲಿ.

ಈ ಸಲ ರಜಾದಿನ ಮಗನ ಫೋನ್ ಬಂದಾಗ ಊಟ, ಮಳೆ, ತೋಟದ ಮಾತು ಮುಗಿದ ಮೇಲೆ ಒಂದು ಹಾಳೆ-ಪೆನ್ನು ತೆಗೆದುಕೊಳ್ಳಿ. ಕಂಪನಿಯ ಪೂರ್ತಿ ಹೆಸರು, ಅದರ ಲ್ಯಾಂಡ್‌ಲೈನ್ ನಂಬರ್, ಅವನ ಸ್ಟಾಫ್ ನಂಬರ್, ಜತೆಗಿರುವ ಒಬ್ಬರ ಮೊಬೈಲ್ ನಂಬರ್, ಈ ನಾಲ್ಕು ಸಾಲು ಬರೆಸಿಕೊಂಡು ಕ್ಯಾಲೆಂಡರ್ ಪಕ್ಕ ಅಂಟಿಸಿ. ನಿಮ್ಮ ನಂಬರನ್ನು ಕಂಪನಿಯ ಕಡತದಲ್ಲಿ ಬರೆಸಿದ್ದಾನೆಯೇ ಎಂದೂ ಅವನನ್ನು ಕೇಳಿ. ಹಳೆಯ ಸಿಮ್‌ನ ನಂಬರ್ ಅಲ್ಲಿದ್ದರೆ ಬದಲಾಯಿಸಲು ಹೇಳಿ.