ಮೂಕಚಿತ್ರದಲ್ಲಿ ಜುಲು ದೊರೆ

ಚಲಚ್ಚಿತ್ರಗಳಿಗೆ ಇನ್ನೂ ಮಾತು ಬಾರದಿದ್ದ ಕಾಲದಲ್ಲಿ ದಕ್ಷಿಣ ಆಫ್ರಿಕದಲ್ಲಿ ತಯಾರಾದ ಚಿತ್ರಗಳ ಪೈಕಿ ಬಹು ಪ್ರಸಿದ್ಧವಾದುದು ‘ದೆ ಫೋರ್‌ಟ್ರೆಕರ್ಸ್’ (1916). ಶ್ಲೆಸಿಂಜರ್ ಎಂಬ ಉದ್ಯಮಿಯು ಸ್ಥಾಪಿಸಿದ ಆಫ್ರಿಕನ್ ಫಿಲ್ಮ್ ಪ್ರೊಡಕ್ಷನ್ಸ್ ಸಂಸ್ಥೆಯು ಇದನ್ನು ತೆಗೆಯಿಸಿತು. ನಿರ್ದೇಶಕನು ಅಮೆರಿಕದ ಹೆರಾಲ್ಡ್ ಷಾ. ಕಥೆಯನ್ನು ರಚಿಸಿದವನು ಆಫ್ರಿಕಾನ್ಸ್ ಲೇಖಕನಾದ ಗುಸ್ತಾವ್ ಪ್ರೆಲ್ಲರ್. ಬೋಯರರ ಮುಖಂಡ ಪೀಟ್ ರೆತೀಫನ ಜೀವನಚರಿತ್ರೆಯನ್ನು ಇವನು ಮೊದಲೇ ಬರೆದಿದ್ದನು. ಆದುದರಿಂದ ಇತಿಹಾಸದ ಸಂಗತಿಗಳು ತಿಳಿಯದೆ ಚಿತ್ರದಲ್ಲಿ ದೋಷಗಳು ನುಸುಳಿದುವೆಂದು ಹೇಳುವಂತಿಲ್ಲ.

ಆ ಸಂಗತಿಗಳು ಹೀಗಿವೆ. ಕೇಪ್ ಪ್ರಾಂತದ ಬ್ರಿಟಿಷ್ ಆಳ್ವಿಕೆಯನ್ನು ಸಹಿಸದೆ ಒಳನಾಡಿಗೆ ಬಂಡಿ ಕಟ್ಟಿಕೊಂಡು ಹೊರಟ ಬೋಯರರು 1837ರಲ್ಲಿ ನಟಾಲಿನ ಗಡಿಗೆ ಬಂದು ಜುಲು ದೊರೆ ಡಿಂಗಾನನಿಂದ ಭೂಮಿಯನ್ನು ಬೇಡಿದರು. ಆ ವೇಳೆಗಾಗಲೇ ಇವರು ನ್ಡೆಬೆಲೆ ದೊರೆ ಮ್ಜಿಲಿಕಾಜಿಯನ್ನು ಸೋಲಿಸಿದ್ದರು. ಅವನಿಗೊದಗಿದ ಗತಿಯನ್ನು ರೆತೀಫನೇ ಪತ್ರಮುಖೇನ ಡಿಂಗಾನನಿಗೆ ನೆನಪಿಸಿದ್ದನು. ಸಾವಿರಾರು ಮಂದಿ ಬಂದೂಕುಧಾರಿಗಳಿಗೆ ನೆಲೆಗೊಟ್ಟ ಮೇಲೆ ತನ್ನ ರಾಜ್ಯ ಉಳಿದೀತೇ ಎಂಬ ಶಂಕೆ ಆ ದೊರೆಗೆ ಹುಟ್ಟಿದುದು ಅಸಹಜವಲ್ಲ. 1838ರ ಫೆಬ್ರವರಿ 6ರಂದು ಅವನು ರೆತೀಫನನ್ನೂ ಸಂಗಡಿಗರನ್ನೂ ಕೊಲ್ಲಿಸಿದನು. ಡಿಸೆಂಬರ್ 16ರಂದು ನ್ಕೋಮೆ ನದೀತೀರದಲ್ಲಿ ಸುಮಾರು 470 ಬೋಯರರು ಬಂಡಿಗಳ ಕೋಟೆ ಕಟ್ಟಿ ಗುಂಡು ಹಾರಿಸಲು, ಜುಲು ಯೋಧರು ಮೂರು ಸಾವಿರಕ್ಕೂ ಹೆಚ್ಚು ಮಂದಿ ಮಡಿದರು. ಬೋಯರರಲ್ಲಿ ಗಾಯಗೊಂಡವರು ಮೂವರೇ.

ಚಿತ್ರದಲ್ಲಿ ಡಿಂಗಾನನ ರಾಜಕೀಯ ಶಂಕೆಗೆ ಸ್ಥಾನವೇ ಇಲ್ಲ. ಪೋರ್ಚುಗೀಸ್ ವರ್ತಕರು ಚಾಡಿ ಹೇಳುತ್ತಾರೆ, ದೊರೆ ಅದನ್ನು ನಂಬಿ ಕೊಲ್ಲಿಸುತ್ತಾನೆ. ಕರಿಯನು ದ್ರೋಹ ಬಗೆಯಬೇಕಾದರೂ ಅನ್ಯರ ಪ್ರೇರಣೆ ಬೇಕೆಂಬುದು ಇದರ ತಾತ್ಪರ್ಯ! ಇವನಿಗೆ ಎದುರಾಗಿ ಸೊಬುಜ ಎಂಬ ಕಲ್ಪಿತ ಪಾತ್ರವಿದೆ. ಈ ಜುಲು ಯೋಧನು ಕ್ರೈಸ್ತನಾಗಿ, ಬೋಯರರಿಗೆ ನಿಷ್ಠನಾಗಿ, ಕಡೆಗೆ ತನ್ನ ದೊರೆಯನ್ನು ತಾನೇ ಕೊಲ್ಲುತ್ತಾನೆ. ಇಡೀ ಜನಾಂಗವು ಹೀಗೆ ಕ್ರೂರಿ, ಸೇವಕ ಎಂಬ ಎರಡೇ ಪಾತ್ರಗಳಲ್ಲಿ ಅಡಗಿಹೋಗುತ್ತದೆ. ಸೇವಕನಿಗೆ ಚಿತ್ರವು ಸಲ್ಲಿಸುವ ಪ್ರಶಂಸೆಯು ಮೇಲುನೋಟಕ್ಕೆ ಔದಾರ್ಯದಂತೆ ಕಂಡರೂ, ಹೆಚ್ಚು ಅಪಾಯಕರವಾದುದು ಅದೇ.

ಮೂಕಚಿತ್ರದ ರೀತಿಯೂ ಇದಕ್ಕೆ ಅನುಕೂಲಿಸಿತು. ಜುಲು ನಟನ ತುಟಿ ಅಲುಗುತ್ತದೆ. ಪ್ರೇಕ್ಷಕನು ಓದುವುದು ಬಿಳಿಯನು ಬರೆದ ಬರಹದ ಫಲಕವನ್ನು. ಡಿಂಗಾನನ ಪಾತ್ರವನ್ನು ಜುಲು ಜನಾಂಗದವನೇ ವಹಿಸಿದ್ದರೂ ಮಾತು ಅವನದಲ್ಲ.

ಚಿತ್ರವು ಮೊದಲು ಪ್ರದರ್ಶಿತವಾದುದು 1916ರ ಡಿಸೆಂಬರ್ 16ರಂದು, ಕ್ರೂಗರ್ಸ್‌ಡಾರ್ಪಿನಲ್ಲಿ. ಎಂದರೆ ಕದನದ ವಾರ್ಷಿಕ ದಿನದಲ್ಲಿಯೇ. ಆಗ ಒಕ್ಕೂಟಕ್ಕೆ ಆರು ವರ್ಷ ವಯಸ್ಸು. ಅಲ್ಲಿನ ಇಂಗ್ಲಿಷರಿಗೂ ಬೋಯರರಿಗೂ 1914ರ ಬಂಡಾಯದ ಕಹಿ ಇನ್ನೂ ಆರಿರಲಿಲ್ಲ. ಈ ಎರಡು ಪಂಗಡಗಳನ್ನೂ ಒಂದೇ ಪೂರ್ವಕಥೆಯ ವಾರಸುದಾರರನ್ನಾಗಿ ಮಾಡುವುದು ಆಳುವವರಿಗೆ ಅವಶ್ಯವಾಗಿತ್ತು. ಚಿತ್ರದ ಇಂಗ್ಲಿಷ್ ಹೆಸರಿನ ಅರ್ಥ ‘ಖಂಡವೊಂದನ್ನು ಗೆದ್ದುದು’ ಎಂದು. ಗೆದ್ದ ನೆಲದ ವಿಷಯವಾಗಿ ಹೇಳುವುದಾದರೆ, 1913ರ ಭೂಶಾಸನವು ದೇಶದ ಸುಮಾರು ನೂರಕ್ಕೆ 7 ಪಾಲನ್ನು ಮಾತ್ರ ಬಹುಸಂಖ್ಯಾತ ಕರಿಯರಿಗೆ ಮೀಸಲಿರಿಸಿತ್ತು.

ಷಾ ಮುಂದೆ ಸಂಸ್ಥೆಯನ್ನು ತೊರೆದು ‘ದ ರೋಸ್ ಆಫ್ ರೊಡೇಷಿಯ’ (1918) ಎಂಬ ಚಿತ್ರವನ್ನು ತೆಗೆದನು. ಅದರಲ್ಲಿ ಕಳೆದುಕೊಂಡ ನೆಲವನ್ನು ಮರಳಿ ಪಡೆಯಬೇಕೆಂಬ ಕರಿಯ ನಾಯಕನ ಹಂಬಲಕ್ಕೆ ಗೌರವವುಂಟು. ಆದರೂ ಕಡೆಯಲ್ಲಿ ಅವನು ಬಂಡಾಯವನ್ನು ಕೈಬಿಡಲೇಬೇಕು.

‘ದೆ ಫೋರ್‌ಟ್ರೆಕರ್ಸ್’ ಚಿತ್ರೀಕರಣದಲ್ಲಿ ನಡೆದುದೊಂದನ್ನು ಇಲ್ಲಿ ಹೇಳಬೇಕು. ಜುಲು ಸೈನ್ಯವಾಗಿ ನಿಲ್ಲಲು ಚಿನ್ನದ ಗಣಿಗಳ ಕರಿಯ ಕೂಲಿಗಾರರನ್ನು ಕರೆತಂದಿದ್ದರು. ಬಂಡಿಕೋಟೆಯ ಮೇಲೆ ಬಿದ್ದು, ಬಳಿಕ ಸೋತು ಹಿಮ್ಮೆಟ್ಟಬೇಕೆಂದು ಅವರಿಗೆ ಅಪ್ಪಣೆಯಾಗಿತ್ತು. ಅವರು ಹಿಮ್ಮೆಟ್ಟಲಿಲ್ಲ. ಆಟದ ಕಾಳಗ ನಿಜವಾದ ಹೊಡೆದಾಟವಾಯಿತು. ಕುದುರೆ ಪೊಲೀಸರು ಬಂದು ತಡೆಯಬೇಕಾಯಿತು. ಪ್ರೇಕ್ಷಕರು ತೆರೆಯ ಮೇಲೆ ನೋಡಿದುದು ಮಾತ್ರ ಸೋತು ಓಡುವ ಜುಲುಗಳನ್ನೇ.